ಮಾಳಿಗೆ ಮೇಲಿನ ಟಬ್ಬು

ಟಬ್ಬಿನ ನೀರು ಇಳಿಯುತ್ತಿಲ್ಲ ಎಂದು ಮಾಳಿಗೆಯಿಂದ ಭಾನುಪ್ರಿಯ ಕೂಗಿಕೊಂಡಾಗ ಲತಾಮಣಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಕೋಲು ಬಿಟ್ಟರೆ ಗಂಟು ಕಟ್ಟುತ್ತದೆ. ಅದಕ್ಕೇ ಅವಳು ತಿರುಗಿ ನೋಡಲಿಲ್ಲ. ತಿರುಗಿ ನೋಡದೆ ಇದ್ದದ್ದನ್ನೂ ಆಮೇಲೆ ಅವಳ ತಲೆಗೇ ಕಟ್ಟಿದರು. ತಪ್ಪು ಮಾಡಿದವಳಾದ್ದರಿಂದಲೇ ಕಿವುಡಿಯ ಹಾಗೆ ನಿಂತಿದ್ದಳಂತೆ.

ಗುಡೇಮಾರನಹಳ್ಳಿಯ ಕೃಷ್ಣಪ್ಪನ ಮನೆಗೆ ಆ ಟಬ್ಬು ಬಂದದ್ದು ಕಿರಿ ಸೊಸೆ ಭಾನುಪ್ರಿಯಳ ಜೊತೆಯಲ್ಲಿ. ಅವಳಪ್ಪನಿಗೆ ರಾಮನಗರದಲ್ಲಿ ಟೈಲ್ಸು, ನಲ್ಲಿ, ಕಮೋಡುಗಳ ಅಂಗಡಿ. ಮಂಚ ಬೀರು ಎಲ್ಲರೂ ಕೊಡುತ್ತಾರೆ, ತಾನು ಬೇರೇನಾದರೂ ಕೊಡಬೇಕೆಂದು ಆತ ಬೆಳ್ಳಗೆ ಹೊಳೆಯುವ ಸ್ನಾನದ ಟಬ್ಬೊಂದನ್ನು ಟೆಂಪೋದಲ್ಲಿ ಕಳಿಸಿದ್ದ. ಅದನ್ನು ಮಾಳಿಗೆಗೆ ಹತ್ತಿಸಲು ಬೀದಿಯ ಗಂಡಸರೆಲ್ಲ ಹೆಗಲು ಕೊಡಬೇಕಾಯಿತು. "ಲೇ, ಇದ್ರಾಗೆ ಎರಡು ಎಮ್ಮೆ ಒಟ್ಟಿಗೆ ನೀರ್ ಕುಡೀಬೋದು ಕಣ್ರಲಾ," ಎಂದು ಕೃಷ್ಣಪ್ಪ ನಕ್ಕಿದ್ದ.

ಮಾಳಿಗೆಯ ಕೋಣೆ ಕಿರಿ ಮಗ ಅಶ್ವಥ್ ಮತ್ತು ಅವನ ಹೆಂಡತಿಯದು. ಅವನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಅವಳು ಮಾಗಡಿಯ ಒಂದು ಶಾಲೆಯಲ್ಲಿ ಮೇಡಮ್ಮು. ಹಿರಿ ಮಗ ನಟರಾಜು ಮತ್ತು ಲತಾಮಣಿ ಕೆಳಗಿನವರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಎರಡು ಹಸು, ಒಲೆ, ಎಲ್ಲವೂ ಅವರ ಪಾಲಿನದು. ಕೆಳಗಿನವರ ಸ್ನಾನ ಅಡುಗೆಮನೆಗೆ ಅಂಟಿಕೊಂಡ ಹಳೇ ಬಚ್ಚಲಲ್ಲಿ, ಹಂಡೆಯ ನೀರಲ್ಲಿ. ಲತಾಮಣಿ ಮಾಳಿಗೆಯ ಬಾತ್‌ರೂಮಿಗೆ ಹೋಗುತ್ತಿದ್ದದ್ದು ನೆಲ ಒರೆಸುವುದಕ್ಕೆ ಮಾತ್ರ. ಟಬ್ಬಿನ ಅಂಚನ್ನೂ ಒರೆಸಿ ಇಳಿದು ಬರುತ್ತಿದ್ದಳು. ಅದರೊಳಗೆ ಒಂದು ಕಾಲನ್ನೂ ಇಟ್ಟವಳಲ್ಲ.

ಆವತ್ತು ಅಶ್ವಥ್ ಟಬ್ಬಿನ ತೂತಿಗೆ ಕಡ್ಡಿ ಹಾಕಿ ತಿರುವಿದ. ಕಡ್ಡಿಯ ತುದಿಗೆ ಕಪ್ಪಗೆ ಒದ್ದೆಯಾಗಿ ಒಂದಿಷ್ಟು ಸುತ್ತಿಕೊಂಡು ಬಂತು.

ಕಡ್ಡಿ ಹಿಡಿದು ಕೆಳಗೆ ಬಂದು, "ಕೂದ್ಲು," ಎಂದ.

ಕಡ್ಡಿಯನ್ನು ನೋಡಿದ ಎಲ್ಲರ ಕಣ್ಣೂ ಒಂದೇ ಸಲ ಲತಾಮಣಿಯ ಜಡೆಯ ಮೇಲೆ ಬಂದು ಕೂತವು. ಮೊಣಕಾಲು ಮುಟ್ಟುವ ಜಡೆ. ಊರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಭಾನುಪ್ರಿಯ ಬೇಕೆಂದೇ ಹುಟ್ಟಿಸಿ ಹೇಳಿದಳು ಎಂದರೆ ಅದು ನ್ಯಾಯವಾಗುವುದಿಲ್ಲ. ಅವಳಿಗೆ ಹಾಗೆ ಅನ್ನಿಸಲು ಕಾರಣವಿತ್ತು. ಹಿಂದಿನ ವಾರ ಲತಾಮಣಿ ತವರಿಗೆ, ಕೆಂಪಾಪುರಕ್ಕೆ, ಹೋಗಿ ಬಂದ ದಿನ ಸಂಜೆ ಭಾನುಪ್ರಿಯ ಶಾಲೆಯಿಂದ ಬಂದರೆ ಟಬ್ಬು ಒದ್ದೆಯಾಗಿತ್ತು. ಬಾತ್‌ರೂಮಿನ ತುಂಬ ಬ್ಲೀಚಿಂಗ್ ಪೌಡರಿನ ವಾಸನೆ. ಕೆಳಗೆ ನೋಡಿದರೆ ಲತಾಮಣಿ ತಲೆಗೆ ಸ್ನಾನ ಮಾಡಿ ಕೂದಲು ಹರವಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಬಸ್ಸಿನ ಧೂಳೆಂದು ಹಳೇ ಬಚ್ಚಲಲ್ಲೇ ಮಿಂದಿದ್ದಳು, ಆದರೆ ಅದನ್ನು ಕಂಡವರು ಯಾರೂ ಇರಲಿಲ್ಲ. ಆವತ್ತು ಭಾನುಪ್ರಿಯ ಏನೂ ಅನ್ನಲಿಲ್ಲ. ಈಗ ನೀರು ಕಟ್ಟಿಕೊಂಡ ಮೇಲೆ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿಕೊಂಡಳು.

ಹೇಳಿದ್ದು ಮಾತ್ರ ಅವಳಲ್ಲ, ಅವಳ ತಾಯಿ. ಭಾನುವಾರ ಮಗಳನ್ನು ನೋಡಲು ಬಂದಿದ್ದ ಆಕೆ ಊಟಕ್ಕೆ ಕೂತವರ ಎದುರಿಗೇ ಮಾತು ತೆಗೆದಳು.

"ಆಸೆ ಇದ್ರೆ ಬಾಯ್ಬಿಟ್ಟು ಕೇಳ್ಬೇಕಪ್ಪ. ನಮ್ಮ ಭಾನು ಬೇಡ ಅಂತಾಳಾ? ಯಾರೂ ಇಲ್ದಾಗ ಹೋಗಿ ಕದ್ದು ಸ್ನಾನ ಮಾಡಿ, ಗುರುತು ಸಿಕ್ಬಾರ್ದು ಅಂತ ಬ್ಲೀಚಿಂಗ್ ಪೌಡರ್ ಹಾಕಿ ತೊಳ್ದು... ಇದೆಲ್ಲ ಯಾಕೆ ಬೇಕು?"

ಲತಾಮಣಿಯ ಕೈಯಲ್ಲಿ ಸಾರಿನ ಸೌಟು ಇತ್ತು. "ಯಾರ್ ಕದ್ದು ಮಾಡಿದ್ದು?" ಎಂದಳು.

"ಹೆಸ್ರು ಹೇಳ್ದೇನಮ್ಮ ನಾನು?"

"ಹೆಸ್ರು ಬ್ಯಾಡ, ಜಡೆ ನೋಡ್ಕಂಡು ಹೇಳ್ತಿದೀರಲ್ಲ."

"ಲತಾ, ಬೀಗಿತ್ತಿ ಕುಟೆ ಹಂಗಾ ಮಾತಾಡೋದು?" ಅತ್ತೆ ಅಂಬುಜಮ್ಮ ಗದರಿದಳು. "ತಪ್ಪಾಯ್ತು ಅಂದ್ರೆ ಮುಗೀತು. ಆಸೆ ಯಾರ್ಗೆ ಇರಕಿಲ್ಲ?"

ಲತಾಮಣಿ ಗಂಡನ ಕಡೆ ನೋಡಿದಳು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಟರಾಜು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ತಲೆ ಎತ್ತದೆಯೇ ಹೇಳಿದ:

"ಹೋಗ್ಲಿ ಬುಡವ್ವ. ಆಗಿದ್ದು ಆಯ್ತು. ಕ್ಲೀನ್ ಮಾಡ್ಬುಟ್ಟರೆ ಆಯ್ತದೆ."

ಅಲ್ಲಿಗೆ ಮುಗಿಯಿತು. ಗಂಡನೇ ಒಪ್ಪಿಕೊಂಡ ಮೇಲೆ ಇನ್ನು ಯಾರು ಏನು ಕೇಳುತ್ತಾರೆ? ಅಂಬುಜಮ್ಮ ನಿಟ್ಟುಸಿರು ಬಿಟ್ಟಳು. ಬೀಗಿತ್ತಿ ಉಪ್ಪಿನಕಾಯಿ ಕೇಳಿದಳು. ಲತಾಮಣಿ ಉಪ್ಪಿನಕಾಯಿ ಬಡಿಸಿದಳು.

ಮಾರನೆಯ ಬೆಳಿಗ್ಗೆ ಅವಳು ದೇವರ ಗೂಡಿನ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಅತ್ತೆಯ ಮುಂದೆ ಹಿಡಿದಳು. ಬಾಚಿದಾಗ ಉದುರಿದ ಕೂದಲು, ಉಂಡೆ ಉಂಡೆಯಾಗಿ ಸುತ್ತಿದ್ದು. ಸೈಕಲ್ಲಿನಲ್ಲಿ ಬರುವ ಕೂದಲು ವ್ಯಾಪಾರದವನಿಗೆ ಕೊಟ್ಟರೆ ಸ್ಟೀಲು ಪಾತ್ರೆ ಕೊಡುತ್ತಾನೆಂದು ಆ ಬೀದಿಯ ಹೆಂಗಸರೆಲ್ಲ ಹೀಗೆ ಕೂಡಿಡುತ್ತಿದ್ದರು. ಅಂಬುಜಮ್ಮ ತಾನೂ ಇಡುತ್ತಿದ್ದಳು, ತನ್ನದು ಬೆಳ್ಳಗಾಗುವವರೆಗೆ.

"ನಾನು ಒಂದು ಎಳೆ ಕೂದ್ಲು ನೀರಿಗ್ ಬುಡೋಳಲ್ಲ ಅಂತ ನಿಮಗೆ ಗೊತ್ತಿಲ್ವ ಅತ್ತೆ? ಸ್ನಾನಕ್ಕೆ ಮುಂಚೆ ಬಾಚಿ, ಉಂಡೆ ಮಾಡಿ, ಇದ್ರಾಗಾಕ್ತೀನಿ. ನೋಡ್ಕಳಿ."

ಅಂಬುಜಮ್ಮ ಕವರನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ಆದರೆ ಬೀಗಿತ್ತಿಯ ಮುಂದೆ ಆಡಿದ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲ.

"ಬೆಳ್ ಬೆಳಿಗ್ಗೆ ಕೂದ್ಲು ಕಣ್ಣಿಗ್ ತೋರುಸ್ತಾಳೆ. ತಗಂಡೋಗವ್ವ ಅತ್ಲಾಗೆ," ಎಂದಳು.

ಆವತ್ತಿನಿಂದ ಲತಾಮಣಿ ಆ ಕವರನ್ನು ಅಡುಗೆಮನೆಯ ಬಾಗಿಲ ಮೊಳೆಗೆ ನೇತುಹಾಕಿದಳು. ಹೋಗುವವರ ಬರುವವರ ಹಣೆಗೆ ತಾಗುವ ಎತ್ತರದಲ್ಲಿ. ದಿನಾ ಬೆಳಿಗ್ಗೆ ಜಗಲಿಯ ನಡುವೆ ಕೂತು ಬಾಚಿ, ಉದುರಿದ್ದನ್ನು ಎತ್ತಿ ಹಿಡಿದು, "ಮಾವಾ, ನೋಡ್ಕಂಡ್ರಾ?" ಎಂದು ಕೇಳಿಯೇ ಕವರಿಗೆ ಹಾಕುತ್ತಿದ್ದಳು.

"ಅಯ್ಯೋ ನೋಡ್ದೆ ಕಣವ್ವ, ಕಾಪಿ ಕುಡಿಯಾಕೆ ಬುಡು," ಎನ್ನುತ್ತಿದ್ದ ಕೃಷ್ಣಪ್ಪ.

ಟಬ್ಬಿನ ನೀರು ಇಳಿಯಲಿಲ್ಲ. ಅಶ್ವಥ್ ಕುದಿಯುವ ನೀರು ಸುರಿದ. ಅಡುಗೆ ಸೋಡಾ ಹಾಕಿದ. ಯಾರೋ ಹೇಳಿದರೆಂದು ಆ್ಯಸಿಡ್ ಸುರಿದು ಹೊಗೆಯೆಬ್ಬಿಸಿ ಕಣ್ಣುರಿಸಿಕೊಂಡ. ರಾಮನಗರದಿಂದ ಪ್ಲಂಬರ್ ತನ್ವೀರ್ ಬಂದು ಕೂತು ನೋಡಿ, ಕಡ್ಡಿ ಹಾಕಿ ಹಾಕಿ ಒಳಕ್ಕೆ ತುರುಕಿಬಿಟ್ಟಿದ್ದೀರಿ, ಇನ್ನು ಟಬ್ಬು ಎತ್ತಿಯೇ ನೋಡಬೇಕು, ಟೈಲ್ಸು ಒಡೆಯುತ್ತದೆ ಎಂದು ಹೇಳಿಹೋದ. ಟೈಲ್ಸು ಒಡೆಯಲು ಕೃಷ್ಣಪ್ಪ ಒಪ್ಪಲಿಲ್ಲ. ಭಾನುಪ್ರಿಯ ಕೆಳಗಿನ ಬಚ್ಚಲಿಗೇ ಬರಬೇಕಾಯಿತು.

ಲತಾಮಣಿಗೆ ಬೇಕಾಗಿದ್ದೂ ಅದೇ.

ಹಂಡೆಯ ಒಲೆ ಅವಳ ಕೈಯಲ್ಲಿತ್ತು. ಭಾನುಪ್ರಿಯಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಸೌದೆ ಹಿಂದಕ್ಕೆಳೆಯುತ್ತಿದ್ದಳು.

"ಅಕ್ಕಾ, ನೀರು ತಣ್ಣಗಿದೆ!"

"ಉರಿ ನಂದೋಯ್ತು ಕಣೆ ಭಾನು. ಸೌದೆ ಹಸಿ."

"ನಿನ್ನೆನೂ ಹಂಗೇ ಅಂದ್ರಿ."

"ನಿನ್ನೆ ಹಸಿ ಇದ್ದದ್ದು ಇವತ್ತು ಒಣಗ್ಬುಡ್ತದಾ?"

ದಿನಾ ಭಾನುಪ್ರಿಯಳಿಗೆ ಕಟ್ಟಿಕೊಡುತ್ತಿದ್ದ ಚಪಾತಿ ಪಲ್ಯ ನಿಂತಿತು. ಡಬ್ಬಿಯಲ್ಲಿ ಮುದ್ದೆ, ಹುರುಳಿ ಸಾರು. ಸ್ಟಾಫ್ ರೂಮಿನಲ್ಲಿ ಮುದ್ದೆ ಮುರಿಯಲು ನಾಚಿಕೆ ಎಂದು ಅವಳು ಅಶ್ವಥನಿಗೆ ಹೇಳಿ, ಅಶ್ವಥ್ ಬಂದು, "ಅತ್ಗೆ, ಒಂದೆರ್ಡು ಚಪಾತಿ..." ಎಂದರೆ, "ಹಿಟ್ಟು ಅಲ್ಲೇ ಐತಪ್ಪ, ಲಟ್ಟಣಿಗೇನೂ ಐತೆ," ಎಂಬ ಉತ್ತರ. ಅಂಬುಜಮ್ಮನ ಮಂಡಿಗೆ ದಿನಾ ಬಿಸಿ ಎಣ್ಣೆ ತಿಕ್ಕುತ್ತಿದ್ದ ಕೈ ಈಗ ಎಣ್ಣೆಯ ಬಟ್ಟಲನ್ನು ಅತ್ತೆಯ ಪಕ್ಕದಲ್ಲಿಟ್ಟು ಹೋಗುತ್ತಿತ್ತು. ಗಂಡನನ್ನು ಮಾತ್ರ ಅವಳು ಬಿಟ್ಟಿದ್ದಳು. ಸಾಧು ಮನುಷ್ಯ, ಜಗಳ ಅಂದರೆ ಹೆದರುತ್ತಾನೆ, ಅದಕ್ಕೇ ಹಾಗಂದ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಆದರೆ ಇವೆಲ್ಲ ಪುಡಿ ಸೇಡು. ದೊಡ್ಡದನ್ನು ಅವಳು ಯುಗಾದಿಗೆ ಇಟ್ಟುಕೊಂಡಿದ್ದಳು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಬಾಡೂಟಕ್ಕೆ ಭಾನುಪ್ರಿಯಳ ಅಪ್ಪ ಅಮ್ಮ ಬರುವುದು ಗೊತ್ತಾಗಿತ್ತು. ಭಾನುಪ್ರಿಯ ಕೂದಲಿಗೆ ಕೆಂಚು ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ತೂತಿನೊಳಗಿರುವುದು ಅವಳದೇ ಕೂದಲು, ಒದ್ದೆಯಾಗಿದ್ದರಿಂದ ಕಪ್ಪಗೆ ಕಂಡಿತು ಅಷ್ಟೇ. ಎಲ್ಲರ ಎದುರಿಗೆ ಅದನ್ನು ಹೊರಗೆಳೆದು, ತೊಳೆದು, ಬಿಸಿಲಿಗೆ ಹಿಡಿದು, ಆ ತಾಯಿಯ ಕೈಗೇ ಕೊಡಬೇಕು. 'ನೋಡಮ್ಮ, ಯಾರ್ದು ಅಂತ ಬಣ್ಣ ನೋಡಿ ಹೇಳು' ಎನ್ನಬೇಕು. ಈ ಮಾತನ್ನು ಅವಳು ಸೊಪ್ಪು ಕೊಯ್ಯುವಾಗ, ಹಸುವಿನ ಹಾಲು ಕರೆಯುವಾಗ ಹೇಳಿ ಹೇಳಿ ನುಣುಪು ಮಾಡಿಕೊಂಡಿದ್ದಳು.

ಒಂದೇ ಅಳುಕು. ಎಳೆದಾಗ ಕಪ್ಪು ಕೂದಲೇ ಬಂದುಬಿಟ್ಟರೆ? ಮೊದಲೇ ಒಮ್ಮೆ ನೋಡಿಬಿಡುವುದು ಮೇಲೆನಿಸಿತು. ಹಬ್ಬಕ್ಕೆ ಮುಂಚಿನ ಒಂದು ಮಧ್ಯಾಹ್ನ ಮನೆ ಖಾಲಿಯಾಗಿತ್ತು. ಅವಳು ಗಟ್ಟಿ ತಂತಿಯೊಂದರ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಸ್ಕ್ರೂ ಡ್ರೈವರ್ ಹಿಡಿದು ಮಾಳಿಗೆ ಹತ್ತಿದಳು.

ತೂತಿನ ಮೇಲಿನ ಜಾಲರಿಗೆ ಒಂದು ಸ್ಕ್ರೂ. ಅಶ್ವಥ್ ಅದನ್ನು ಬಿಚ್ಚುವ ಗೋಜಿಗೇ ಹೋಗದೆ ಸಂದಿಯಲ್ಲೇ ಕಡ್ಡಿ ತೂರಿಸಿದ್ದ. ತನ್ವೀರನೂ ಬಿಚ್ಚಿರಲಿಲ್ಲ. ಆದರೂ ಸ್ಕ್ರೂವಿನ ತಲೆಯ ಮೇಲೆ ಗೀರುಗಳಿದ್ದವು. ಯಾರೋ ಬಿಚ್ಚಿ ಮತ್ತೆ ಹಾಕಿದ್ದರು. ಲತಾಮಣಿ ಜಾಲರಿ ತೆಗೆದು ತಂತಿ ಇಳಿಸಿ ತಿರುವಿದಳು. ಏನೋ ಕಚ್ಚಿಕೊಂಡಿತು. ಎಳೆದಳು. ಮೊದಲು ಗಬ್ಬು ವಾಸನೆ, ಆಮೇಲೆ ಮೇಲುಗಡೆ ಒಂದಿಷ್ಟು ಕೆಂಚು ಕೂದಲು. ತಾನಂದುಕೊಂಡಿದ್ದೇ ನಿಜ. ಮತ್ತೂ ಎಳೆದಳು. ಕೂದಲಿನ ಹಿಂದೆ ಹಗ್ಗದಷ್ಟು ದಪ್ಪಕ್ಕೆ, ಮುಗಿಯದ ಹಾಗೆ, ಬೂದುಬಣ್ಣದ ನಾರು ಬಂತು.

ನಲ್ಲಿ ಬಿಟ್ಟು ತೊಳೆದಳು. ನಾರು ಬೆಳ್ಳಗಾಯಿತು. ಬೆರಳಿಗೆ ಅಂಟಿ, ಎಳೆದರೆ ಜಿಗುಟಾಗಿ ಎಳೆಯೆಳೆಯಾಗಿ ಬಿಚ್ಚಿಕೊಂಡಿತು. ನಡುವೆ ಹುಳದ ಹಿಕ್ಕೆ, ಒಂದು ಸತ್ತ ಹುಳ, ಒಂದು ತುಂಡು ನೀಲಿ ನೈಲಾನ್ ದಾರ.

ಲತಾಮಣಿ ಟಬ್ಬಿನ ಅಂಚಿನ ಮೇಲೆ ಕೂತುಬಿಟ್ಟಳು.

ಹುಳಗಳು ಗೂಡು ಕಟ್ಟುವ ಉದ್ದನೆಯ ತಟ್ಟಿಗಳಿಗೆ, ಚಂದ್ರಿಕೆಗಳಿಗೆ, ಗೂಡು ಬಿಡಿಸಿದ ಮೇಲೂ ನಾರು ಅಂಟಿಕೊಂಡಿರುತ್ತದೆ. ಹಳೇ ಬಿದಿರಿನ ಚಂದ್ರಿಕೆಗಳಾದರೆ ಹುಲ್ಲಿನ ಬೆಂಕಿ ತೋರಿಸಿದರೆ ನಾರು ಸುಟ್ಟುಹೋಗುತ್ತಿತ್ತು. ಈ ಸಲ ನಟರಾಜು ನೀಲಿ ದಾರದಲ್ಲಿ ಕಟ್ಟಿದ ಪ್ಲಾಸ್ಟಿಕ್ಕಿನವು ತಂದಿದ್ದ. ಅವನ್ನು ಸುಡುವಂತಿಲ್ಲ. ಕೈಯಲ್ಲಿ ನಾರು ಕಿತ್ತು, ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಹಾಕಿ ತೊಳೆಯಬೇಕು. ಅಷ್ಟುದ್ದದ್ದು ಮುಳುಗುವ ಪಾತ್ರೆ ಮನೆಯಲ್ಲಿ ಇನ್ನೆಲ್ಲಿತ್ತು? ಅವಳು ಕೆಂಪಾಪುರಕ್ಕೆ ಹೋಗಿದ್ದ ದಿನ ಅತ್ತೆ ಮಾವ ನೆಂಟರ ತಿಥಿಗೆ ಹೋಗಿದ್ದರು. ಮನೆಯಲ್ಲಿದ್ದವನು ಅವನೊಬ್ಬನೇ. ಕೊಳೆ ನೀರು ಬೇಗ ಇಳಿಯಲೆಂದು ಜಾಲರಿ ಬಿಚ್ಚಿದ್ದವನೂ ಅವನೇ. ವಾಪಸು ಬಂದಾಗ ಚಂದ್ರಿಕೆಗಳು ಹಾಲಿನ ಹಾಗೆ ಬೆಳ್ಳಗೆ ಗೋಡೆಗೆ ಒರಗಿದ್ದವು. ಪ್ರತಿ ಬೆಳೆಯಲ್ಲೂ ತಾನೇ ಮಾಡುವ ಚಂದ್ರಿಕೆಯ ಕೆಲಸವನ್ನು ಈ ಸಲ ಗಂಡ ಮಾಡಿಟ್ಟಿದ್ದಾನೆಂದು ಅವಳ ಎದೆ ತುಂಬಿತ್ತು.

"ಇಷ್ಟ್ ಬೆಳ್ಳಗೆ ಹೆಂಗ್ ತೊಳುದ್ರಿ?" ಎಂದು ಕೇಳಿದ್ದಳು.

"ಕೈಯಾಗ್ ಉಜ್ಜಿದೆ ಕಣೆ, ಬೆರಳೆಲ್ಲ ಸುಲ್ದೋಯ್ತು," ಎಂದಿದ್ದ.

ಆ ಬೆರಳಿಗೆ ಅವಳು ತುಪ್ಪ ಹಚ್ಚಿದ್ದಳು. ಮುದ್ದೆಗೂ ಒಂದು ಚಮಚ ಹೆಚ್ಚು ಹಾಕಿದ್ದಳು.

ಹಾಗಾದರೆ ಆ ಭಾನುವಾರ ಅವನಿಗೆ ಗೊತ್ತಿತ್ತು. ಬೀಗಿತ್ತಿ ಬ್ಲೀಚಿಂಗ್ ಪೌಡರ್ ಎಂದಾಗಲೇ ಗೊತ್ತಿತ್ತು. ಗೊತ್ತಿದ್ದೇ ಮುದ್ದೆ ನುಂಗಿದ.

ಅವಳು ಬಹಳ ಹೊತ್ತು ಕೂತಿರಲಿಲ್ಲ. ನಾರನ್ನು, ಕೂದಲನ್ನು, ಸತ್ತ ಹುಳವನ್ನು, ನೀಲಿ ದಾರವನ್ನು ಮತ್ತೆ ಉಂಡೆ ಮಾಡಿ ತೂತಿನೊಳಗೆ ತುರುಕಿದಳು. ತಂತಿಯ ಹಿಂತುದಿಯಿಂದ ಗಟ್ಟಿಯಾಗಿ ಒತ್ತಿದಳು. ಜಾಲರಿ ಇಟ್ಟು ಸ್ಕ್ರೂ ಬಿಗಿದಳು. ನಲ್ಲಿ ಬಿಟ್ಟು ನೋಡಿದಳು. ನೀರು ಮೊದಲಿನಂತೆಯೇ ನಿಂತಿತು.

ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ಹಂಚುವಾಗ ಗಂಡನ ಅಂಗೈಗೆ ತುಂಬ ಹಾಕಿದಳು.

"ಇದೇನೆ, ಬರೀ ಬೇವೇ ಐತಲ್ಲ?"

"ತಿನ್ರಿ."

ಅವನು ಮುಖ ಹಿಂಡಿಕೊಂಡು ಅಗಿದ. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುವಾಗ ಅವಳು ಕೇಳಿದಳು. ನ್ಯಾಯವಾಗಿ ಒಂದು ಅವಕಾಶ ಕೊಡಬೇಕೆಂದು ಅವಳಿಗೆ ಅನ್ನಿಸಿತ್ತು.

"ಆ ಟಬ್ಬಲ್ಲಿ ನಾನು ಕದ್ದು ಸ್ನಾನ ಮಾಡಿದೆ ಅಂತ ನಿಮಗೂ ಅನ್ಸುತ್ತಾ?"

ನಟರಾಜು ಹುಲ್ಲಿನ ಹೊರೆ ಬಿಚ್ಚುತ್ತಲೇ ಇದ್ದ. "ಹಬ್ಬದ ದಿನ ಅದ್ಯಾಕೀಗ?"

"ಅನ್ಸುತ್ತೋ ಇಲ್ವೋ ಹೇಳಿ."

"ಮಾಡಿದ್ರೆ ಮಾಡಿದೆ. ಏನ್ ತಲೆ ಓಯ್ತದಾ? ನಾನೇನಾರ ಬೈದ್ನಾ ನಿನ್ನ?"

"ಇಲ್ಲ," ಎಂದಳು ಲತಾಮಣಿ. "ನೀವ್ ಬೈಲಿಲ್ಲ."

ಹೊಸತೊಡಕಿಗೆ ಬೀಗರು ಕಾರಿನಲ್ಲಿ ಬಂದರು. ಲತಾಮಣಿ ಬೆಳಗಿನಿಂದ ಮಸಾಲೆ ಅರೆದು, ಮರಿಯ ಮಾಂಸದ ಸಾರು, ಮುದ್ದೆ, ತಲೆಮಾಂಸದ ಫ್ರೈ ಮಾಡಿ ಬಡಿಸಿದಳು. ಯಾರಿಗೂ ಕಡಿಮೆ ಮಾಡಲಿಲ್ಲ. ಬೀಗಿತ್ತಿ ಎರಡು ಸಲ ಹಾಕಿಸಿಕೊಂಡು, "ಕೈರುಚಿ ಮಾತ್ರ ಹೇಳೋ ಹಾಗಿಲ್ಲ ಬಿಡಮ್ಮ," ಎಂದಳು. ಎಲೆಯಡಿಕೆ ಹಾಕಿಕೊಳ್ಳುವಾಗ ಭಾನುಪ್ರಿಯಳ ಅಪ್ಪ ಟಬ್ಬಿನ ಮಾತೆತ್ತಿದ.

"ನಾಳೆ ಇಬ್ರು ಹುಡುಗ್ರನ್ನ ಕಳಿಸ್ತೀನಿ. ಎತ್ತಿ, ಒಡೆದು, ಹೊಸದಾಗಿ ಕೂರಿಸ್ತಾರೆ."

"ಒಡೆಯೋದೇನು ಬ್ಯಾಡ ಬೀಗ್ರೆ," ಎಂದು ಕೃಷ್ಣಪ್ಪ ಗೊಣಗಿದ. "ಹೊಸಾ ಮಾಳಿಗೆ."

"ಯಾರೂ ಬರೋದೂ ಬ್ಯಾಡ," ಎಂದಳು ಲತಾಮಣಿ. "ನಮ್ಮನೆಯವ್ರೇ ತೆಗೀತಾರೆ."

ನಟರಾಜು ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ನಾನಾ? ನಂಗೇನ್ ಗೊತ್ತು ಅದು?"

"ನಿಮಗೆ ಗೊತ್ತಿರೋ ಅಷ್ಟು ಯಾರ್ಗೂ ಗೊತ್ತಿಲ್ಲ. ಏಳಿ." ಅವಳು ಕೊಕ್ಕೆಯ ತಂತಿಯನ್ನೂ ಸ್ಕ್ರೂ ಡ್ರೈವರನ್ನೂ ಅವನ ತೊಡೆಯ ಮೇಲಿಟ್ಟಳು. "ಹೆಂಡ್ತಿ ಮಾಡಿದ್ ತಪ್ಪು ಗಂಡ ಸರಿಮಾಡ್ಲಿ. ಎಲ್ರೂ ಬನ್ನಿ, ನೋಡಿವ್ರಂತೆ. ಅತ್ತೆ, ನೀವೂ ಬನ್ನಿ. ಮಂಡಿ ನೋವಾದ್ರೆ ಕೈ ಹಿಡ್ಕಂತೀನಿ."

ಬಾತ್‌ರೂಮಿನ ಬಾಗಿಲ ತುಂಬ ಜನ ನಿಂತರು. ನಟರಾಜು ಟಬ್ಬಿನ ಪಕ್ಕ ಮಂಡಿಯೂರಿ ಒಮ್ಮೆ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ಬೇಡಿಕೊಳ್ಳುವುದೆಲ್ಲ ಇತ್ತು. ಇವಳು ಆ ಭಾನುವಾರ ಸಾರಿನ ಸೌಟು ಹಿಡಿದು ಅವನನ್ನು ನೋಡಿದ್ದೂ ಹೀಗೆಯೇ. ಲತಾಮಣಿ ಜಾಲರಿಯ ಕಡೆ ಬೆರಳು ತೋರಿಸಿದಳು.

"ಸ್ಕ್ರೂ ಬಿಚ್ಚಿ. ನಿಮ್ಗೆ ಅಭ್ಯಾಸ ಐತಲ್ಲ."

ಅವನು ಬಿಚ್ಚಿದ. ತಂತಿ ಇಳಿಸಿದ. ಎಳೆದ. ಕೆಂಚು ಕೂದಲು ಬಂದಾಗ ಭಾನುಪ್ರಿಯ ಅಮ್ಮನ ಹಿಂದೆ ಸರಿದಳು. ಅದರ ಹಿಂದೆ ನಾರು ಬಂತು, ಮೊಳ ಮೊಳವಾಗಿ, ಟಬ್ಬಿನ ಬಿಳುಪಿನ ಮೇಲೆ ಸುರುಳಿ ಬಿದ್ದಿತು.

ಕೃಷ್ಣಪ್ಪ ಬಗ್ಗಿ, ಎರಡು ಬೆರಳಲ್ಲಿ ಎತ್ತಿ, ಉಜ್ಜಿ ನೋಡಿದ. ಹುಟ್ಟಿದಾಗಿನಿಂದ ಹುಳದ ಮನೆಯಲ್ಲಿ ಬೆಳೆದವನು.

"ಇದು ಗೂಡಿನ ನಾರಲ್ವೇನ್ಲಾ?"

ನಟರಾಜು ತಂತಿಯ ಕೊಕ್ಕೆಗೆ ಸುತ್ತಿಕೊಂಡ ನಾರನ್ನು ಬಿಡಿಸತೊಡಗಿದ.

"ಲೇ ನಟರಾಜ, ನಿನ್ನೇ ಕೇಳ್ತಿರೋದು. ಚಂದ್ರಿಕೆ ತಂದು ಇದ್ರಾಗಾಕಿದ್ದೇನ್ಲಾ?"

"ಒಂದೇ ಸತಿ ಕಣಪ್ಪ," ಎಂದ ನಟರಾಜು ನೆಲ ನೋಡುತ್ತ. "ಇಷ್ಟುದ್ದ ಇತ್ತು, ಸರಿಯಾಗ್ ಕೂತ್ಕತು... ಹಿಂಗಾಯ್ತದೆ ಅಂತ ನಂಗೇನ್ ಕನಸಾ?"

"ಒಂದೇ ಸತಿ," ಎಂದಳು ಲತಾಮಣಿ. "ನಾನ್ ಹಾಕ್ದೆ ಅಂತ ಹೇಳಾಕೂ ಒಂದ್ ಸತಿ ಬಾಯ್ ಬುಟ್ಟಿದ್ರೆ ಸಾಕಿತ್ತು. ಹೆಂಡ್ತಿ ಕಳ್ಳಿ ಅನ್ನಿಸ್ಕಂಡ್ರೂ ಮುದ್ದೆ ಇಳೀತಲ್ಲ ನಿಮ್ಗೆ?"

ಅಶ್ವಥನಿಗೆ ನಗು ತಡೆಯಲಾಗಲಿಲ್ಲ. "ಅಣ್ಣ, ಹುಳಕ್ಕೂ ಬಾತ್‌ಟಬ್ಬಲ್ಲಿ ಸ್ನಾನ ಮಾಡ್ಸಿದ್ಯಾ?" ಎಂದವನು ಅಪ್ಪನ ಮುಖ ನೋಡಿ ಸುಮ್ಮನಾದ. ಇನ್ನು ಯಾವ ಬೆಳೆ ಬಂದರೂ ಊರು ಆ ಮಾತನ್ನೇ ಆಡುತ್ತದೆ ಎಂದು ನಟರಾಜುವಿಗೆ ಆಗಲೇ ಗೊತ್ತಾಗಿತ್ತು.

"ಹೋಗ್ಲಿ ಬಿಡಮ್ಮ," ಎಂದಳು ಬೀಗಿತ್ತಿ. "ಯಾರೋ ಗೊತ್ತಿಲ್ದೆ..."

"ಬುಡಕಿಲ್ಲ. ನೀವೂ ಊಟದ್ ಹೊತ್ನಾಗೇ ಅಂದಿದ್ದು, ಎಲ್ರ ಮುಂದೇನೇ. ಈಗ್ಲೂ ಎಲ್ರೂ ಇದೀವಿ. ಹೇಳಿ."

ಬೀಗಿತ್ತಿಯ ಬಾಯಲ್ಲಿ ಎಲೆಯಡಿಕೆ ಇತ್ತು. ಅದನ್ನು ನುಂಗಿಕೊಂಡು, "ತಪ್ಪು ತಿಳ್ಕೊಂಡ್ವಿ," ಎಂದಳು. ಭಾನುಪ್ರಿಯ "ಅಕ್ಕಾ..." ಎಂದು ಕೈ ಹಿಡಿಯಲು ಬಂದಳು. ಲತಾಮಣಿ ಕೈ ಕೊಡಲಿಲ್ಲ. ಅಂಬುಜಮ್ಮ ಮಾತ್ರ ಮಗನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಅವನು ಟಬ್ಬನ್ನು ತೊಳೆಯತೊಡಗಿದ್ದ. ಯಾರೂ ಹೇಳಿರಲಿಲ್ಲ. ಎದ್ದು ಜನರ ಮುಖ ನೋಡುವುದಕ್ಕಿಂತ ತೊಳೆಯುವುದೇ ಅವನಿಗೆ ಸುಲಭವಾಗಿತ್ತು. ನೀರು ಗೊಳಗೊಳ ಎಂದು ಇಳಿದುಹೋಯಿತು.

"ಚೆನ್ನಾಗ್ ತೊಳೀರಿ," ಎಂದಳು ಲತಾಮಣಿ. "ಆಮೇಕೆ ಹಂಡೆ ನೀರು ಹೊತ್ಕಂಡ್ ಬಂದು ತುಂಬ್ಸಿ. ಸೌದೆ ಒಣಗೈತೆ, ಉರಿ ಚೆನ್ನಾಗೈತೆ."

"ಯಾಕೆ?"

"ಸ್ನಾನ ಮಾಡ್ತೀನಿ. ಮಾಡಿದೀನಿ ಅಂತ ಊರ್ಗೆಲ್ಲ ಗೊತ್ತಾಗೈತಲ್ಲ, ಒಂದ್ ಸತಿ ಮಾಡೇ ಬುಡ್ತೀನಿ. ಭಾನು, ನಿನ್ನ ಕೇಳ್ತಿದೀನಿ ಕಣೆ, ಬಾಯ್ಬಿಟ್ಟು. ಮಾಡ್ಲಾ?"

"ಮಾಡಿ ಅಕ್ಕಾ," ಎಂದಳು ಭಾನುಪ್ರಿಯ, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

ಬೀಗರು ಕೆಳಗೆ ಜಗಲಿಯಲ್ಲಿ ಕೂತಿದ್ದಂತೆಯೇ ನಟರಾಜು ಬಿಂದಿಗೆ ಬಿಂದಿಗೆಯಾಗಿ ಬಿಸಿನೀರು ಹೊತ್ತು ಅವರೆದುರಿಗೇ ಮೆಟ್ಟಿಲು ಹತ್ತಿದ, ಇಳಿದ. ಟಬ್ಬು ತುಂಬುವ ಹೊತ್ತಿಗೆ ಅವನ ಅಂಗಿ ಬೆನ್ನಿಗಂಟಿತ್ತು. "ಸಾಕಾ?" ಎಂದ. ಅವಳು ನೀರಿಗೆ ಕೈಯದ್ದಿ ನೋಡಿ, "ಇನ್ನೊಂದು," ಎಂದಳು. ಅವನು ಮತ್ತೆ ಇಳಿದುಹೋದ.

ಆಮೇಲೆ ಅವಳು ಚಿಲಕ ಹಾಕಿಕೊಂಡಳು. ಮೊದಲ ಸಲ ಆ ಟಬ್ಬಿನಲ್ಲಿ ಕಾಲಿಟ್ಟು ಕೂತಳು. ಜಾರುತ್ತಿತ್ತು. ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೂತಲ್ಲೇ ನೀರು ತಣ್ಣಗಾಗುತ್ತಿತ್ತು, ಮೈಯ ಕೊಳೆ ಮೈಯ ಸುತ್ತಲೇ ತೇಲುತ್ತಿತ್ತು. ಇಷ್ಟಕ್ಕೇನಾ ನನ್ನನ್ನು ಕಳ್ಳಿ ಅಂದದ್ದು ಎನಿಸಿತು. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತಲೆಯ ಮೇಲೆ ಸುರಿದುಕೊಳ್ಳುವ ಸುಖದ ಹತ್ತಿರಕ್ಕೂ ಇದು ಬರುವಂತಿರಲಿಲ್ಲ. ಆದರೂ ಎದ್ದುಬರಲಿಲ್ಲ. ಜಗಲಿಯಲ್ಲಿ ಬೀಗರು ಹೊರಡುವ ಮಾತಾಡಿದರು. ಭಾನುಪ್ರಿಯ ಅಳುತ್ತಿದ್ದಳೋ ಸೀನುತ್ತಿದ್ದಳೋ. "ರೀ," ಎಂದು ಬಾಗಿಲೊಳಗಿಂದ ಕೂಗಿ ಮತ್ತೊಂದು ಬಿಂದಿಗೆ ತರಿಸಿ ಹೊಸ್ತಿಲಲ್ಲಿಡಿಸಿದಳು.

ಕಾರು ಹೊರಟ ಸದ್ದಾದ ಮೇಲೆ ಬಿರಡೆ ತೆಗೆದಳು. ನೀರು ಒಂದು ತೊಟ್ಟೂ ನಿಲ್ಲದೆ ಇಳಿಯಿತು. ಮೈ ಒರೆಸಿಕೊಂಡು, ಸೀರೆ ಉಟ್ಟು, ಕೂದಲು ಬಿಚ್ಚಿ ಬಾಚಿದಳು. ಉದುರಿದ್ದನ್ನೆಲ್ಲ ಎಂದಿನಂತೆ ಬೆರಳಿಗೆ ಸುತ್ತಿ ಉಂಡೆ ಮಾಡಿದಳು.

ಅದರಿಂದ ಒಂದು ಉದ್ದನೆಯ ಎಳೆಯನ್ನು ಬಿಡಿಸಿ ತೆಗೆದು, ನೀರು ಚಿಮುಕಿಸಿ, ಹೊಳೆಯುತ್ತಿದ್ದ ಟಬ್ಬಿನ ಬಿಳಿ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದು ಅಂಟಿಸಿದಳು. ಚಿಲಕ ತೆಗೆದಳು. ಖಾಲಿ ಬಿಂದಿಗೆ ಹಿಡಿದು ಹೊರಗೆ ನಿಂತಿದ್ದ ಗಂಡನಿಗೆ, "ಒಳಗೆ ನನ್ನ ಕೂದ್ಲೈತೆ. ಕ್ಲೀನ್ ಮಾಡ್ಬುಟ್ಟರೆ ಆಯ್ತದೆ," ಎಂದು ಹೇಳಿ ಮೆಟ್ಟಿಲಿಳಿದಳು.